ಗ್ಯಾರೇಜ್ ನೀರಿನಿಂದ ಎಣ್ಣೆ ಬೇರ್ಪಡಿಸುವ ಹತ್ತಿ ಬಟ್ಟೆಗೆ ಯಾವ ಲೇಪನ ಜಾಸ್ತಿ ಬಾಳಿಕೆ ಬರುತ್ತದೆ?

ನಿಮ್ಮ ಪ್ರಾಜೆಕ್ಟೇ ನನ್ನದೂ ಆಗಿತ್ತು, ಅದೂ ಕಲಬುರಗಿಯಲ್ಲೇ. ಕೋರಾ ಬಟ್ಟೆ ಕುದಿಸಿ ಗಂಜಿ ತೆಗೆದೆ. ಪಿಡಿಎಂಎಸ್ ಅನ್ನೋ ಸಿಲಿಕೋನ್‌ನಲ್ಲಿ ಸಿಲಿಕಾ ನ್ಯಾನೊ ಪುಡಿ ಕಲಸಿ, ಬಟ್ಟೆ ಅದ್ದಿ, ಓವನ್‌ನಲ್ಲಿಟ್ಟೆ. ನೀರಿನ ಹನಿ ಮಣಿಯ ಹಾಗೆ ಉರುಳುತ್ತಿತ್ತು. ಸಂಪರ್ಕ ಕೋನ, ಅಂದರೆ ಹನಿಯ ಅಂಚು ಬಟ್ಟೆಗೆ ತಾಗುವ ಕೋನ, 150 ಡಿಗ್ರಿ ದಾಟಿತ್ತು; ಅದು ದೊಡ್ಡದಾದಷ್ಟೂ ನೀರು ಅಂಟುವುದಿಲ್ಲ. ಉಪ್ಪುಕಾಗದದ ಮೇಲೆ ತೂಕ ಇಟ್ಟು ಎಳೆದರೂ ಜಗ್ಗಲಿಲ್ಲ. ಬಾಳಿಕೆ ಅಂದರೆ ಇದೇ ಅಂದುಕೊಂಡೆ.

ಎಡವಿದ್ದು ಒಂದೇ ಕಡೆ. ಪರೀಕ್ಷೆಯೆಲ್ಲ ಡಿಸ್ಟಿಲ್ಡ್ ವಾಟರ್ ಮತ್ತು ಡೀಸೆಲ್‌ನಲ್ಲೇ ಮಾಡಿದ್ದೆ. ಹುಮನಾಬಾದ್ ರಸ್ತೆ ಕಡೆಯ ಒಂದು ಸರ್ವಿಸ್ ಸ್ಟೇಷನ್‌ನಲ್ಲಿ ಗಾಡಿ ತೊಳೆದ ನೀರು ಸುರಿದರೆ ಬಟ್ಟೆ ಒದ್ದೆಯಾಗಿ ಜೋತುಬಿತ್ತು. ಮಾಲೀಕರು ನೋಡಿ, "ಸರ, ನೀರೂ ಹೊಂಟದ, ಎಣ್ಣಿನೂ ಹೊಂಟದ. ಇದಕ್ಕ ಬಟ್ಟಿ ಯಾಕ ಬೇಕ್ರಿ?" ಅಂದರು.

ಕಾರಣ ಶಾಂಪೂ. ಬರೀ ನೀರಿನ ಮೇಲ್ಮೈ ಸೆಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಸೋಪು ಸೇರಿದರೆ 30ರ ಆಸುಪಾಸಿಗೆ ಇಳಿಯುತ್ತದೆ, ಹೆಚ್ಚುಕಡಿಮೆ ಡೀಸೆಲ್‌ನಷ್ಟೇ. ಬಟ್ಟೆ ನೀರನ್ನು ತಡೆದು ಎಣ್ಣೆಯನ್ನು ಬಿಡುವುದು ಈ ವ್ಯತ್ಯಾಸದಿಂದಲೇ. ಅದೇ ಇಲ್ಲದ ಮೇಲೆ ಲೇಪನ ಎಷ್ಟು ಗಟ್ಟಿಯಿದ್ದು ಏನು ಬಂತು? ನನ್ನ ಲೇಪನ ಕಿತ್ತಿರಲಿಲ್ಲ ನೋಡಿ! ಅದೇ ತುಂಡನ್ನು ಚೆನ್ನಾಗಿ ಜಾಲಿಸಿ ಒಣಗಿಸಿದರೆ ಹನಿ ಮತ್ತೆ ಉರುಳಿತು. ಸಾಲದ್ದಕ್ಕೆ ಸೋಪು ಎಣ್ಣೆಯನ್ನು ಸಣ್ಣ ಸಣ್ಣ ಹನಿಯಾಗಿ ಒಡೆದು ನೀರಿನೊಳಗೇ ಹಿಡಿದಿಡುತ್ತದೆ. ನಮ್ಮ ಎರೆಮಣ್ಣಿನ ಕೆಸರು ಬಟ್ಟೆಯ ಕಣ್ಣು ಮುಚ್ಚುತ್ತದೆ. ಆ ನೀರನ್ನು ಮೊದಲೇ ಒಂದು ಬಾಟಲಿ ತಂದು ನೋಡಿದ್ದರೆ ಸಾಕಿತ್ತು. ಸೆಮಿಸ್ಟರ್ ಹೋಯಿತು, ಕೆಮಿಕಲ್ ದುಡ್ಡೂ ಹೋಯಿತು.

ಹಾಗಾಗಿ "ಯಾವ ಲೇಪನ" ಅನ್ನೋ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಸಿಲಿಕೋನ್ ಸಾಕು. ಸ್ಟಿಯರಿಕ್ ಆಮ್ಲ ಅನ್ನೋ ಕೊಬ್ಬಿನ ಆಮ್ಲ ಅಗ್ಗ, ಆದರೆ ವಾಷಿಂಗ್ ಸೋಡಾ ಬೆರೆತ ನೀರಿನಲ್ಲಿ ಅದೇ ಸೋಪಾಗುತ್ತದೆ. ಫ್ಲೋರಿನ್ ತಂಟೆ ಬೇಡ. ಅಂಥ ಎಷ್ಟೋ ಲೇಪನಗಳು ಎಣ್ಣೆಯನ್ನೂ ತಳ್ಳುತ್ತವೆ, ಮೇಲಾಗಿ ಈ ಗುಂಪಿನ ಪಿಎಫ್‌ಒಎ ಅನ್ನೋ ಫ್ಲೋರಿನ್ ರಾಸಾಯನಿಕ 2019ರಲ್ಲೇ, ಬೇಗ ಕೊಳೆಯದ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಅಂತರರಾಷ್ಟ್ರೀಯ ಒಪ್ಪಂದದ ನಿಷೇಧ ಪಟ್ಟಿ ಸೇರಿದೆ.

ಮೊದಲು ನೀರು ನಿಲ್ಲಲು ಒಂದು ತೊಟ್ಟಿ ಕಟ್ಟಿಸಿ. ಕೆಸರು ತಳಕ್ಕೆ ಕೂರಲಿ. ಬಟ್ಟೆಯನ್ನು ಪೈಪಿನ ಬಾಯಿಗೆ ಕಟ್ಟಬೇಡಿ. ಡೀಸೆಲ್ ಹಗುರ ಅಲ್ವಾ, ನೀರೇ ಬಟ್ಟೆಯ ಮೇಲೆ ಕೂತು ಅದರ ದಾರಿ ಮುಚ್ಚುತ್ತದೆ. ಬಟ್ಟೆಯನ್ನು ಚೀಲವಾಗಿ ಹೊಲಿದು ತೇಲಿಬಿಡಿ, ಎಣ್ಣೆ ತಾನಾಗಿ ಒಳಗೆ ಇಳಿಯುತ್ತದೆ. ಇನ್ನು ಜಾಗ: ವಾಷಿಂಗ್ ಇರುವ ಕಡೆ ಬಿಟ್ಟು, ಡೀಸೆಲ್ ಚೆಲ್ಲುವ ಜನರೇಟರ್ ಶೆಡ್ ಯಾವುದಾದರೂ ಹುಡುಕಿ.