ಪ್ಲಾಂಟೇಶನ್, ಪೀಬೆರಿ, ಚೆರಿ: ನಾಲಿಗೆಗೆ ಗೊತ್ತಾಗುವುದು ಹೇಗೆ?

ಪ್ರಶ್ನೆ: ಕಾಫಿಪುಡಿ ಅಂಗಡಿಯಲ್ಲಿ ಪ್ಲಾಂಟೇಶನ್ ಎ, ಪೀಬೆರಿ, ರೋಬಸ್ಟಾ ಚೆರಿ ಎನ್ನುತ್ತಾರೆ. ಮನೆಯಲ್ಲಿ ಕುಡಿದರೆ ಎಲ್ಲವೂ ಒಂದೇ ಥರ. ವ್ಯತ್ಯಾಸ ತಿಳಿಯುವುದು ಹೇಗೆ?
– ಓದುಗರು, ಮೈಸೂರು

ಉತ್ತರ: ಅರೇಬಿಕಾ, ರೋಬಸ್ಟಾ ಎಂಬವು ಕಾಫಿಯ ಎರಡು ಜಾತಿಗಳು. ಹಣ್ಣಿನ ಸಿಪ್ಪೆ ಸುಲಿದು, ತೊಳೆದು ಒಣಗಿಸಿದ ಅರೇಬಿಕಾ ನಮ್ಮಲ್ಲಿ ಪ್ಲಾಂಟೇಶನ್, 'ಎ' ಎಂಬುದು ಬೀಜದ ಗಾತ್ರ. ಹಣ್ಣನ್ನು ಇಡಿಯಾಗಿ ಒಣಗಿಸಿದ್ದು ಚೆರಿ. ಹಣ್ಣಿನಲ್ಲಿ ಎರಡರ ಬದಲು ಒಂದೇ ದುಂಡು ಬೀಜ ಬಲಿತರೆ ಅದು ಪೀಬೆರಿ. ಪೀಬೆರಿಯನ್ನು ರುಚಿಯಿಂದ ಗುರುತಿಸಲು ಹೊರಡಬೇಡಿ, ಮೊದಲು ಪ್ಲಾಂಟೇಶನ್ ಮತ್ತು ರೋಬಸ್ಟಾ ಚೆರಿ ಸಾಕು.

ಎರಡನ್ನೂ 50 ಗ್ರಾಂ ತನ್ನಿ. ಒಂದೇ ಹದದ ಹುರಿತ ಇರಲಿ, ಚಿಕೋರಿ ಬೇಡವೇ ಬೇಡ. ಅದರ ಕಹಿ ಬೀಜದ ಗುಣವನ್ನು ಮುಚ್ಚಿಬಿಡುತ್ತದೆ. ಫಿಲ್ಟರ್ ಪುಡಿಯಷ್ಟು ನುಣ್ಣಗೆ ಬೀಸಿಸಿದರೆ ಒಗರು ಬರುತ್ತದೆ, ಉಪ್ಪಿಟ್ಟಿನ ರವೆಯ ಹದ ಸರಿ. ಎರಡು ಲೋಟಕ್ಕೆ ತಲಾ 10 ಗ್ರಾಂ ಪುಡಿ ಹಾಕಿ. ಕುದಿದ ನೀರನ್ನು ಅರ್ಧ ನಿಮಿಷ ಆರಿಸಿ, ತಲಾ 180 ಮಿ.ಲೀ. ಸುರಿಯಿರಿ. ಮೇಲೆ ಪುಡಿಯ ಕೆನೆ ಕಟ್ಟುತ್ತದೆ. ನಾಲ್ಕು ನಿಮಿಷಕ್ಕೆ ಮೂಗನ್ನು ಹತ್ತಿರ ತಂದು ಚಮಚದಿಂದ ಅದನ್ನು ಒಡೆಯಿರಿ. ಪರಿಮಳ ಭುಗ್ಗನೆ ಏಳುವುದು ಆಗಲೇ. ನೊರೆ ತೆಗೆದು, ಉಗುರುಬೆಚ್ಚಗಾಗುವವರೆಗೆ ಕಾಯಿರಿ. ಸುಡುವ ಕಾಫಿಯಲ್ಲಿ ನಾಲಿಗೆಗೆ ಏನೂ ಸಿಗದು.

ಚಮಚದಿಂದ ಸೊರ್ರನೆ ಎಳೆದುಕೊಳ್ಳಿ. ಪ್ಲಾಂಟೇಶನ್‌ನಲ್ಲಿ ನಾಲಿಗೆಗೆ ತೆಳು ಹುಳಿ, ಹಿಂದೆಯೇ ಸಿಹಿಯ ನೆರಳು. ರೋಬಸ್ಟಾ ಗಟ್ಟಿ, ಹುರಿದ ಕಾಳಿನ ವಾಸನೆ, ಗಂಟಲಲ್ಲಿ ಉಳಿಯುವ ಕಹಿ. ಹಾಲು, ಸಕ್ಕರೆ ಆಮೇಲೆ.