ಪ್ರತಿಕ್ರಿಯೆ: ‘ಕರೋಕೆ’ ಎಂದರೇನು?

ಮೊದಲೇ ಧ್ವನಿಮುದ್ರಿಸಿದ ಹಿನ್ನೆಲೆ ಸಂಗೀತಕ್ಕೆ ಮೈಕು ಹಿಡಿದು ನಾವೇ ಹಾಡುವುದು ‘ಕರೋಕೆ’. ಈ ಹೆಸರು ಅದನ್ನು ಕಂಡುಹಿಡಿದವನದೇ ಎಂದು ಕೇಳಿದ್ದೀರಿ. ಅಲ್ಲ. ಜಪಾನಿ ಭಾಷೆಯಲ್ಲಿ ‘ಕರ’ ಎಂದರೆ ಖಾಲಿ. ಕರಾಟೆಯಲ್ಲಿರುವ ‘ಕರ’ವೂ ಇದೇ, ಅಂದರೆ ಬರಿಗೈ. ‘ಓಕೆ’ ಇಂಗ್ಲಿಷಿನ ಓಕೆ ಅಲ್ಲ, ಆರ್ಕೆಸ್ಟ್ರಾ ಎಂಬುದರ ಜಪಾನಿ ಮೊಟಕು. ವಾದ್ಯದವರಿಲ್ಲದೆ ಬರಿದಾದ ವೇದಿಕೆಯನ್ನು ನೆನೆದುಕೊಳ್ಳಿ, ಅರ್ಥ ಸಿಕ್ಕಿಬಿಡುತ್ತದೆ.

ಹುಟ್ಟಿದ ಕಥೆ ಇನ್ನೂ ಸ್ವಾರಸ್ಯಕರ. ಕೋಬೆ ನಗರದ ಬಾರುಗಳಲ್ಲಿ ಗಿರಾಕಿಗಳು ಹಾಡುವಾಗ ವಾದ್ಯ ನುಡಿಸುತ್ತಿದ್ದವರು ದೈಸುಕೆ ಇನೊವೆ. ಒಬ್ಬ ಗಿರಾಕಿ ಪ್ರವಾಸಕ್ಕೆ ಜೊತೆಗೆ ಬಾ ಎಂದಾಗ ಅವರು ತಾವು ಹೋಗದೆ, ನುಡಿಸಿದ್ದನ್ನು ಧ್ವನಿಮುದ್ರಿಸಿ ಟೇಪನ್ನು ಕಳಿಸಿದರು. ಅಲ್ಲಿಂದ ಹೊಳೆದದ್ದೇ 1971ರ ‘ಜ್ಯೂಕ್ 8’: ನಾಣ್ಯ ಹಾಕಿದರೆ ಹಿನ್ನೆಲೆ ಸಂಗೀತ, ಹಾಡಲು ಮೈಕು. ಮೊದಲು ಮಾಡಿಸಿದ್ದು ಹನ್ನೊಂದೇ ಪೆಟ್ಟಿಗೆ, ಅದೂ ಬಾಡಿಗೆಗೆ. ಪೇಟೆಂಟ್ ಮಾತ್ರ ಪಡೆಯಲಿಲ್ಲ, ಪುಣ್ಯಾತ್ಮ! 2004ರಲ್ಲಿ ಅವರಿಗೆ ಶಾಂತಿಗಾಗಿ ‘ಇಗ್ ನೊಬೆಲ್’ ಎಂಬ ತಮಾಷೆಯ ಪ್ರಶಸ್ತಿ ಬಂತು. ಜನ ಒಬ್ಬರನ್ನೊಬ್ಬರು ಸಹಿಸಿಕೊಳ್ಳಲು ಕಲಿಯುವ ಹೊಸ ದಾರಿ ತೋರಿಸಿದ್ದಕ್ಕಂತೆ.

ಆದರೂ ‘ಮೊದಲಿಗ’ ಎನ್ನುವಾಗ ಸ್ವಲ್ಪ ಜೋಪಾನ. 1967ರಲ್ಲೇ ಟೋಕಿಯೊದ ಶಿಗೆಇಚಿ ನೆಗಿಶಿ ‘ಸ್ಪಾರ್ಕೊ ಬಾಕ್ಸ್’ ಎಂಬ ಇಂಥದೇ ಯಂತ್ರವನ್ನು ಮಾಡಿದ್ದರು. ಅವರೂ ಪೇಟೆಂಟ್ ಪಡೆಯಲಿಲ್ಲ.