ಟೆಕ್ಸಾಸ್‌ಗೆ ಹೋದ ಜಗಳೂರಿನ ತಮ್ಮನಿಗೆ: ಬ್ಯಾರೆಲ್, ಸ್ಕೋಪ್, ಅದಕ್ಕೂ ಮೊದಲು ಲೈಸೆನ್ಸ್

ತಮ್ಮಾ,

ನಿನ್ನ ಮೆಸೇಜ್ ಓದಿದೆ. ಆಸ್ಟಿನ್‌ಗೆ ಹೋಗಿ ಇನ್ನೂ ಸರಿಯಾಗಿ ಮನೆ ಸಾಮಾನು ಜೋಡಿಸಿಲ್ಲ, ಆಗಲೇ ಆಫೀಸಿನವರು ನವೆಂಬರ್‌ನಲ್ಲಿ ಜಿಂಕೆ ಬೇಟೆಗೆ ಕರೆದಿದ್ದಾರೆ ಅಂತೀಯ. ರೈಫಲ್‌ನ ಬ್ಯಾರೆಲ್ (ಗುಂಡು ಹೊರಡುವ ನಳಿಕೆ) ದಪ್ಪಗಿರಬೇಕಾ ತೆಳ್ಳಗಿರಬೇಕಾ, 22 ಇಂಚು ಸಾಕಾ 26 ಇಂಚು ಬೇಕಾ, ಗುರಿ ನೋಡುವ ದುರ್ಬೀನಿಗೆ, ಅಂದರೆ ಸ್ಕೋಪ್‌ಗೆ, ಎಷ್ಟು ದುಡ್ಡು ಹಾಕಲಿ ಅಂತ ಕೇಳಿದ್ದೀಯ. ಎಲ್ಲಕ್ಕೂ ಉತ್ತರ ಇದೆ. ಆದರೆ ನೀನು ಕೇಳದೇ ಬಿಟ್ಟಿರುವ ವಿಷಯವೇ ದೊಡ್ಡದು. ಅದನ್ನು ಮೊದಲು ಹೇಳುತ್ತೇನೆ.

ನೀನಿರುವುದು ಎಚ್-1ಬಿ ಅನ್ನುವ ಕೆಲಸದ ವೀಸಾದ ಮೇಲೆ. ಅಮೆರಿಕದ ಫೆಡರಲ್ ಕಾನೂನಿನಲ್ಲಿ ಇಂಥ ವೀಸಾದವರು ಬಂದೂಕಾಗಲಿ ಗುಂಡಾಗಲಿ ಇಟ್ಟುಕೊಳ್ಳುವ ಹಾಗಿಲ್ಲ. ಕೆಲವು ವಿನಾಯಿತಿಗಳಿವೆ. ನಿನ್ನಂಥವನಿಗೆ ಉಪಯೋಗಕ್ಕೆ ಬರುವುದು ಒಂದೇ: ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಹಂಟಿಂಗ್ ಲೈಸೆನ್ಸ್. ಅದು ಜೇಬಿನಲ್ಲಿ ಇಲ್ಲದೆ ಗೆಳೆಯನ ರೈಫಲ್ ಸುಮ್ನೆ ಹಿಡಿದು ನೋಡಿದರೂ ತಪ್ಪೇ. ಸಿಕ್ಕಿಬಿದ್ದರೆ ದಂಡ ಕಟ್ಟಿ ಬರುವ ಮಾತಲ್ಲ. ಫೆಡರಲ್ ಕೇಸು, ಗ್ರೀನ್ ಕಾರ್ಡ್ ಆಸೆಯೂ ಅಲ್ಲಿಗೆ ಮುಗಿಯಿತು. ಅಂಗಡಿಯಲ್ಲಿ ರೈಫಲ್ ಕೊಳ್ಳುವಾಗ 4473 ಅನ್ನುವ ಫಾರಂ ತುಂಬಿಸುತ್ತಾರೆ, ಅದರಲ್ಲೂ ವೀಸಾದ ಬಗ್ಗೆ ನೇರವಾಗಿಯೇ ಕೇಳುತ್ತಾರೆ.

ಇನ್ನೊಂದು ಕೊಕ್ಕೆ ಇದೆ. ಟೆಕ್ಸಾಸ್‌ನಲ್ಲಿ ವರ್ಷದ ಹಂಟಿಂಗ್ ಲೈಸೆನ್ಸ್ ಯಾವಾಗ ತಗೊಂಡರೂ ಆಗಸ್ಟ್ 31ಕ್ಕೆ ಮುಗಿಯುತ್ತದೆ. ನಮ್ಮವರು ಸೀಸನ್ ಮುಗಿದ ಮೇಲೆ ರೈಫಲ್ಲನ್ನು ಕಪಾಟಿಗೆ ಸೇರಿಸಿ ಮರೆತುಬಿಡುತ್ತಾರೆ. ಸೆಪ್ಟೆಂಬರ್ 1ರ ಬೆಳಿಗ್ಗೆ ಕಪಾಟಿನಲ್ಲಿ ರೈಫಲ್ ಇದೆ, ಲೈಸೆನ್ಸ್ ಇಲ್ಲ. ಅದಕ್ಕೇ ಹೊಸ ವರ್ಷದ್ದನ್ನು ಆಗಸ್ಟ್ ತಿಂಗಳಲ್ಲೇ ತಗೊಂಡಿಡು. ಆರು ತಿಂಗಳು ಅಲ್ಲಿ ವಾಸ ಆದಮೇಲೆ ರಾಜ್ಯದವರ ದರ, 25 ಡಾಲರ್. ಅದಕ್ಕೂ ಮುಂಚೆ ಹೊರಗಿನವರ ದರ, 315 ಡಾಲರ್. 1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರು ಹಂಟರ್ ಎಜುಕೇಶನ್ ಕೋರ್ಸ್ ಮಾಡಲೇಬೇಕು. ಕೂತಲ್ಲೇ ಆನ್‌ಲೈನ್‌ನಲ್ಲಿ ಮುಗಿಸಬಹುದು. ಇಷ್ಟಾದ ಮೇಲೂ ಒಮ್ಮೆ ನಿನ್ನ ವೀಸಾ ವಕೀಲರನ್ನು ಕೇಳಿಬಿಡು. ಅವರ ಫೀಸು ಒಂದು ಒಳ್ಳೆ ಸ್ಕೋಪ್‌ಗಿಂತ ಕಮ್ಮಿಯೇ ಆಗುತ್ತೆ.

ನಾನೀಗ ರಜೆಗೆ ದಾವಣಗೆರೆಗೆ ಬಂದಿದ್ದೇನೆ. ಮೊನ್ನೆ ವಿದ್ಯಾನಗರದಲ್ಲಿ ನಿಮ್ಮಪ್ಪ ಸಿಕ್ಕಿದ್ದರು. "ಏನಪ್ಪಾ, ಇವನು ಅಲ್ಲಿ ಹೋಗಿ ಬಂದೂಕು ಹಿಡೀತಾನಂತೆ? ಜಿಂಕೆ ಹೊಡೆದರೆ ಜೈಲಿಗೆ ಹಾಕಲ್ವಾ?" ಅಂದರು. ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ನಿಮ್ಮೂರ ಪಕ್ಕದಲ್ಲೇ ರಂಗಯ್ಯನದುರ್ಗದ ಕಾಡು ಇದೆ, ಕೊಂಡುಕುರಿಗೆ ಅಂತಲೇ ಮಾಡಿರುವ ವನ್ಯಧಾಮ. ಅಲ್ಲಿ ಒಂದು ಮೊಲ ಹೊಡೆದರೂ 1972ರ ವನ್ಯಜೀವಿ ಕಾಯ್ದೆಯ ಕೇಸು. ಟೆಕ್ಸಾಸ್‌ನ ಲೆಕ್ಕವೇ ಬೇರೆ. ನಮ್ಮ ಚುಕ್ಕೆ ಜಿಂಕೆಯನ್ನೂ ಕೃಷ್ಣಮೃಗವನ್ನೂ 1930ರ ದಶಕದಲ್ಲಿ ಅಲ್ಲಿಗೆ ತಂದು ಬಿಟ್ಟರು. ಈಗ ಬೇಲಿ ದಾಟಿ ಊರೆಲ್ಲಾ ಹಬ್ಬಿವೆ. ಅವನ್ನು ಹೊರಗಿನಿಂದ ಬಂದ ಪ್ರಾಣಿ ಅಂತ ಲೆಕ್ಕ ಹಾಕುತ್ತಾರೆ, ಹಾಗಾಗಿ ಸೀಸನ್ನೇ ಇಲ್ಲ. ಜಮೀನಿನವರ ಒಪ್ಪಿಗೆ, ಕೈಯಲ್ಲಿ ಲೈಸೆನ್ಸ್ ಇದ್ದರೆ ವರ್ಷಪೂರ್ತಿ ಹೊಡೆಯಬಹುದು. ಅಲ್ಲಿನದೇ ಬಿಳಿಬಾಲದ ಜಿಂಕೆಗೆ ಮಾತ್ರ ಸೀಸನ್ ಉಂಟು, ರೈಫಲ್‌ನದು ನವೆಂಬರ್ ಮೊದಲ ಶನಿವಾರ ಶುರು. ಕೃಷ್ಣಮೃಗದ ವಿಷಯ ಹೇಳಿದಾಗ ನಿಮ್ಮಪ್ಪ ನಂಬಲೇ ಇಲ್ಲ. ಇನ್ನೊಂದು ಹೇಳಿದೆ: ಅಲ್ಲಿ ಜಿಂಕೆ ಕರೆಸಲು ಡ್ರಮ್ಮಿನಂಥ ಫೀಡರ್ ನಿಲ್ಲಿಸಿ, ಟೈಮರ್ ಇಟ್ಟು ಮೆಕ್ಕೆಜೋಳ ಚೆಲ್ಲಿಸುತ್ತಾರೆ. "ನಾವು ಹಂದಿ ಓಡಿಸೋಕೆ ರಾತ್ರಿಯೆಲ್ಲಾ ನಿದ್ದೆಗೆಟ್ಟು ಕಾಯೋ ಮೆಕ್ಕೆಜೋಳಾನ ಅವರು ದುಡ್ಡು ಕೊಟ್ಟು ಚೆಲ್ತಾರಾ!" ಅಂತ ಜೋರಾಗಿ ನಕ್ಕರು. ಸ್ವಲ್ಪ ಸಮಾಧಾನ ಆದಂತೆ ಕಂಡಿತು. ನೀನೂ ಒಮ್ಮೆ ಫೋನ್ ಮಾಡಿ ಮಾತಾಡು.

ಈಗ ರೈಫಲ್‌ಗೆ ಬರೋಣ.

ರೈಫಲ್ ಎಷ್ಟು ಕರಾರುವಾಕ್ಕು ಅಂತ ಅಲ್ಲಿ ಎಂ.ಓ.ಎ. (ಮಿನಿಟ್ ಆಫ್ ಆ್ಯಂಗಲ್) ಲೆಕ್ಕದಲ್ಲಿ ಹೇಳುತ್ತಾರೆ. ಅದೊಂದು ಕೋನದ ಅಳತೆ. 100 ಗಜಕ್ಕೆ ಸರಿಸುಮಾರು ಒಂದು ಇಂಚು, 200 ಗಜಕ್ಕೆ ಎರಡು. "ನಂದು ಒಂದು ಎಂ.ಓ.ಎ. ರೈಫಲ್" ಅಂದರೆ 100 ಗಜದಲ್ಲಿ ಹೊಡೆದ ಗುಂಡುಗಳೆಲ್ಲಾ ಒಂದು ಇಂಚಿನೊಳಗೆ ಬೀಳುತ್ತವೆ ಅಂತ ಅರ್ಥ. ಕೇಳಲು ಚೆನ್ನಾಗಿದೆ. ಆದರೆ ಜಿಂಕೆಯ ಎದೆಯಲ್ಲಿ ಹೃದಯ, ಶ್ವಾಸಕೋಶ ಇರುವ ಜಾಗ ಸುಮಾರು 8 ಇಂಚು, ಹೆಚ್ಚು ಕಮ್ಮಿ ನಮ್ಮೂರ ಬೆಣ್ಣೆ ದೋಸೆಯಷ್ಟು. ಕೃಷ್ಣಮೃಗಕ್ಕೆ ಅದಕ್ಕಿಂತ ಚಿಕ್ಕದು. ಎರಡು ಎಂ.ಓ.ಎ. ರೈಫಲ್ಲೇ ಆದರೂ 200 ಗಜದಲ್ಲಿ 4 ಇಂಚಿನ ಒಳಗೆ ಹೊಡೆಯುತ್ತದೆ. ಟೆಕ್ಸಾಸ್‌ನಲ್ಲಿ ಮರೆಯಲ್ಲಿ ಕೂತು ಹೊಡೆಯುವುದು ಹೆಚ್ಚಾಗಿ 100 ಗಜದ ಆಸುಪಾಸು. ಅಂದಮೇಲೆ ಗುಂಡುಗಳೆಲ್ಲಾ ಅರ್ಧ ಇಂಚಿನೊಳಗೆ ಗುಂಪಾಗಿ ಬೀಳಲಿ (ಆ ಗುಂಪಿಗೇ ಗ್ರೂಪ್ ಅನ್ನುವುದು) ಅಂತ ಸಾವಿರಾರು ಡಾಲರ್ ಸುರಿಯುವುದು ಯಾಕೆ? 500 ಡಾಲರ್ ಆಸುಪಾಸಿನ ರೂಗರ್ ಅಮೆರಿಕನ್, ಸ್ಯಾವೇಜ್ ಆಕ್ಸಿಸ್ ತರದ ಬೋಲ್ಟ್ (ಕೈಯಿಂದ ಹಿಂದೆ ಮುಂದೆ ಎಳೆದು ಗುಂಡು ತುಂಬುವ ಸರಳು) ರೈಫಲ್‌ಗಳೇ ಇವತ್ತು ನಿನಗಿಂತಲೂ ನನಗಿಂತಲೂ ಚೆನ್ನಾಗಿ ಹೊಡೆಯುತ್ತವೆ. ಇನ್ನೂ ಸ್ವಲ್ಪ ಕೈ ಬಿಚ್ಚಿದರೆ ಟಿಕ್ಕಾ ಕಂಪನಿಯ ರೈಫಲ್ ಸಿಗುತ್ತೆ, ಅದರ ಬೋಲ್ಟ್ ಎಳೆಯುವುದೇ ಒಂದು ಸುಖ.

ಗುರಿ ಅಭ್ಯಾಸ ಮಾಡುವ ರೇಂಜಿನಲ್ಲಿ ಮೂರು ಗುಂಡಿನ ಗ್ರೂಪ್ ಫೋಟೋ ತೋರಿಸಿ ಮೆರೆಯುವವರು ಸಿಗುತ್ತಾರೆ. ನಕ್ಕು ಸುಮ್ಮನಾಗು. ಮೂರು ಗುಂಡು ಅದೃಷ್ಟಕ್ಕೂ ಒಂದೇ ಕಡೆ ಬೀಳುತ್ತವೆ. ಅದೇ ರೈಫಲ್‌ನಲ್ಲಿ ಹತ್ತು ಹೊಡೆಸಿದರೆ ಗ್ರೂಪ್ ಅಗಲ ಆಗಿರುತ್ತೆ.

ಬ್ಯಾರೆಲ್ ದಪ್ಪ ಇದ್ದರೆ ನಿಧಾನಕ್ಕೆ ಬಿಸಿಯಾಗುತ್ತದೆ, ಕಮ್ಮಿ ಅದುರುತ್ತದೆ. ಒಂದರ ಮೇಲೊಂದು ಇಪ್ಪತ್ತು ಗುಂಡು ಹೊಡೆಯುವ ಪಂದ್ಯಕ್ಕೆ ಅದು ಬೇಕು. ತೆಳ್ಳನೆಯದು ಮೂರು ನಾಲ್ಕು ಗುಂಡಿಗೇ ಕಾದು, ಆಮೇಲಿನವು ಆಚೆ ಈಚೆ ಸರಿಯಬಹುದು. ಆದರೆ ಬೇಟೆಯಲ್ಲಿ ಲೆಕ್ಕಕ್ಕೆ ಬರುವುದು ತಣ್ಣಗಿರುವ ಬ್ಯಾರೆಲ್‌ನಿಂದ ಹೊರಡುವ ಮೊದಲ ಗುಂಡು. ಜಾಸ್ತಿ ಅಂದರೆ ಎರಡನೆಯದು. ಅದಕ್ಕೆ ತೆಳ್ಳನೆಯ ಬ್ಯಾರೆಲ್ಲೇ ಸಾಕು. ದಪ್ಪದ್ದನ್ನು ಹೊತ್ತು ಅರ್ಧ ಗಂಟೆ ಕಲ್ಲುಗುಡ್ಡ ಹತ್ತು, ಹೆಗಲೇ ಹೇಳುತ್ತೆ. ಚಿತ್ರದುರ್ಗದ ಕೋಟೆ ಹತ್ತುವಾಗ ನೀರಿನ ಬಾಟಲಿಯೇ ಭಾರ ಅನ್ನುತ್ತಿದ್ದವನು ನೀನು.

ಉದ್ದದ ಬ್ಯಾರೆಲ್ ಗುರಿ ಚೆನ್ನಾಗಿ ಹೊಡೆಯುತ್ತೆ ಅನ್ನುವುದು ಹಳೆಯ ನಂಬಿಕೆ. ತೆರೆದ ಸೈಟ್ ಇದ್ದ ಕಾಲಕ್ಕೆ ಅದರಲ್ಲಿ ಹುರುಳಿತ್ತು, ಮುಂದಿನ ಮಣಿ ಹಿಂದಿನ ಸೀಳಿನಿಂದ ದೂರ ಇದ್ದಷ್ಟೂ ಗುರಿ ಹಿಡಿಯುವುದು ಸುಲಭ. ಸ್ಕೋಪ್ ಬಂದ ಮೇಲೆ ಆ ಮಾತಿಗೆ ಬೆಲೆ ಇಲ್ಲ. ಉದ್ದದಿಂದ ಸಿಗುವುದು ವೇಗ. .308 ಅನ್ನುವ ಅಳತೆಯ ಗುಂಡಿನ ರೈಫಲ್‌ನಲ್ಲಿ ಬ್ಯಾರೆಲ್ ಒಂದು ಇಂಚು ಕಮ್ಮಿಯಾದರೆ ಸೆಕೆಂಡಿಗೆ 20-25 ಅಡಿ ವೇಗ ಕಮ್ಮಿಯಾಗಬಹುದು ಅಷ್ಟೇ. 26ರ ಬದಲು 22 ತಗೊಂಡರೆ ಸುಮಾರು ನೂರು ಅಡಿ ಹೋಯಿತು. 150 ಗಜದಲ್ಲಿ ನಿಂತ ಜಿಂಕೆಗೆ ಅದರ ವ್ಯತ್ಯಾಸವೇ ಗೊತ್ತಾಗಲ್ಲ. ಮದ್ದು ಜಾಸ್ತಿ ಇರುವ ಮ್ಯಾಗ್ನಮ್‌ಗಳಿಗೆ ಉದ್ದ ಬೇಕು. ನಿನಗೆ ಮ್ಯಾಗ್ನಮ್ ಬೇಡ. .308 ಅಥವಾ 6.5 ಕ್ರೀಡ್‌ಮೋರ್, 22 ಇಂಚು, ಮುಗಿಯಿತು.

ಬ್ಯಾರೆಲ್‌ನಲ್ಲಿ ನಿಜವಾಗಿ ನೋಡಬೇಕಾದ್ದು ಬೇರೆ. ಗುಂಡನ್ನು ತಿರುಗಿಸಲು ಒಳಗೆ ಕೊರೆದಿರುವ ಗೆರೆಗಳ ತಿರುವು ಎಷ್ಟು ಇಂಚಿಗೆ ಒಂದು ಸುತ್ತು ಅನ್ನುವುದನ್ನು ಗಮನಿಸು. ಗುಂಡು ಉದ್ದವಾದಷ್ಟೂ ಬಿಗಿ ತಿರುವು ಬೇಕು. 6.5ಕ್ಕೆ 8 ಇಂಚಿಗೊಂದು, .308ಕ್ಕೆ 10 ಇಂಚಿಗೊಂದು ಇದ್ದರೆ ಬೇಟೆಯ ಗುಂಡುಗಳೆಲ್ಲಾ ನೆಟ್ಟಗೆ ಹೋಗುತ್ತವೆ. ಆಮೇಲೆ ಬ್ಯಾರೆಲ್ ಮತ್ತು ಅದು ಕೂರುವ ಸ್ಟಾಕ್ (ರೈಫಲ್‌ನ ಹಿಡಿ) ನಡುವೆ ಸಂದು ಇರಬೇಕು. ಒಂದು ಡಾಲರ್ ನೋಟು ತಗೊಂಡು ಬ್ಯಾರೆಲ್ ಕೆಳಗೆ ತೂರಿಸಿ ಹಿಂದಕ್ಕೆ ಎಳಕೊಂಡು ಬಾ. ಗುಂಡು ಕೂರುವ ಚೇಂಬರ್ ಹತ್ತಿರದವರೆಗೂ ಎಲ್ಲೂ ಸಿಕ್ಕಿಕೊಳ್ಳದೆ ಬಂದರೆ ಸರಿ. ಹಳೆಯ ಮರದ ಸ್ಟಾಕ್ ತೇವಕ್ಕೆ ಉಬ್ಬಿ ಬ್ಯಾರೆಲ್ಲನ್ನು ಒಂದು ಪಕ್ಕಕ್ಕೆ ಒತ್ತುತ್ತದೆ, ಗುಂಡು ದಿನಕ್ಕೊಂದು ಕಡೆ ಬೀಳುತ್ತದೆ. ಸೆಕೆಂಡ್ ಹ್ಯಾಂಡ್ ಆದರೆ ಬ್ಯಾರೆಲ್ ತುದಿಯ ಅಂಚನ್ನು ಟಾರ್ಚ್ ಹಾಕಿ ನೋಡು. ಗುಂಡಿಗೆ ಕೊನೆಯಲ್ಲಿ ತಾಗುವುದು ಆ ಅಂಚು. ಅಲ್ಲಿ ಒಂದು ಚಿಕ್ಕ ಕಚ್ಚು ಬಿದ್ದಿದ್ದರೂ ಗುಂಡು ಹೊರಡುವಾಗಲೇ ವಾಲುತ್ತೆ. ನೋಡುವ ಮೊದಲು ಬೋಲ್ಟ್ ತೆಗೆದು ಚೇಂಬರ್ ಖಾಲಿ ಇದೆ ಅಂತ ಬೆರಳು ಹಾಕಿ ಖಾತ್ರಿ ಮಾಡಿಕೋ. ಅಂಗಡಿಯವನು ಖಾಲಿ ಅಂದರೂ ಮಾಡಿಕೋ.

ಸ್ಕೋಪ್‌ನಲ್ಲಿ ನಮ್ಮವರು ಎಡವುವುದು ಹೆಚ್ಚಿನ ಪವರ್‌ನ ಆಸೆಗೆ. 6-24, ಅಂದರೆ ಆರರಿಂದ ಇಪ್ಪತ್ತನಾಲ್ಕು ಪಟ್ಟು ದೊಡ್ಡದಾಗಿ ತೋರಿಸುವುದು, ಅಂತ ನೋಡಿದ ಕೂಡಲೇ ಕಣ್ಣು ಅರಳುತ್ತೆ. ಆದರೆ 60 ಗಜದಲ್ಲಿ ಪೊದೆಯಿಂದ ಜಿಂಕೆ ಹೊರಬಂದಾಗ 6ರಲ್ಲೂ ನಿನಗೆ ಕಾಣುವುದು ಒಂದು ತುಂಡು ಕಂದು ಬಣ್ಣ. ತಲೆ ಎಲ್ಲಿ ಬಾಲ ಎಲ್ಲಿ ಅಂತ ಹುಡುಕುವಷ್ಟರಲ್ಲಿ ಅದು ಹೋಗಿರುತ್ತೆ. ಕೆಳಗಿನ ಅಂಕಿ 2 ಅಥವಾ 3 ಇರಲಿ, ಮೇಲಿನದು 9 ಅಥವಾ 10 ಸಾಕು. 3-9×40 ಅನ್ನುವುದು ಎಷ್ಟೋ ದಶಕದಿಂದ ಓಡುತ್ತಿರುವ ಸ್ಕೋಪ್. ಅಲ್ಲಿ 40 ಅನ್ನುವುದು ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. ಅದನ್ನು ಪವರ್‌ನಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ವೃತ್ತ ಸಿಗುತ್ತದೆ. 4ರಲ್ಲಿಟ್ಟರೆ 10 ಮಿಲಿಮೀಟರ್, 9ರಲ್ಲಿಟ್ಟರೆ ನಾಲ್ಕೂವರೆಗಿಂತ ಕಮ್ಮಿ. ಕತ್ತಲಲ್ಲಿ ಯುವಕರ ಪಾಪೆ ಅರಳುವುದು 7ರವರೆಗೆ. ಜಿಂಕೆ ಹೊರಗೆ ಬರುವುದು ಬೆಳಗಿನ ಜಾವ, ಮುಸ್ಸಂಜೆ. ಮಬ್ಬಾದರೆ ಪವರ್ ಇಳಿಸು, ಚಿತ್ರ ತಿಳಿಯಾಗುತ್ತೆ. ಇದು ಗೊತ್ತಿಲ್ಲದವರು ಹೆಚ್ಚಿಸಿ ಹೆಚ್ಚಿಸಿ ಕತ್ತಲೆಯನ್ನೇ ದೊಡ್ಡದು ಮಾಡಿಕೊಂಡು ನೋಡುತ್ತಾರೆ.

ಕಣ್ಣಿಗೂ ಸ್ಕೋಪ್‌ಗೂ ಮೂರೂವರೆ ಇಂಚು ಅಂತರ ಇರುವಂತೆ ಕೂರಿಸು. ಇಲ್ಲದಿದ್ದರೆ ಹಿಂದಕ್ಕೆ ಒದ್ದಾಗ ಹುಬ್ಬಿನ ಮೇಲೆ ಅರ್ಧಚಂದ್ರ ಮೂಡುತ್ತದೆ, ಸೋಮವಾರ ಆಫೀಸಿನಲ್ಲಿ ಎಲ್ಲರಿಗೂ ಕಾರಣ ಗೊತ್ತಾಗುತ್ತೆ. 250ರಿಂದ 400 ಡಾಲರ್ ಒಳಗೆ ಲ್ಯೂಪೋಲ್ಡ್, ವೋರ್ಟೆಕ್ಸ್‌ನವರ ಒಳ್ಳೆಯ ಸ್ಕೋಪ್ ಬರುತ್ತವೆ. ಅದಕ್ಕಿಂತ ಮೇಲೆ ನಿನಗೀಗ ಬೇಕಿಲ್ಲ.

ದುಡ್ಡು ಉಳಿಸಬಾರದ್ದು ಸ್ಕೋಪನ್ನು ರೈಫಲ್‌ಗೆ ಹಿಡಿದಿಡುವ ರಿಂಗು ಮತ್ತು ಬೇಸ್‌ನಲ್ಲಿ. ನನ್ನ ಜೊತೆ ರೇಂಜಿಗೆ ಬರುತ್ತಿದ್ದ ಹಿರಿಯೂರಿನ ಹುಡುಗನೊಬ್ಬ ಗುಂಡು ನಾಲ್ಕು ಇಂಚು ಚದುರುತ್ತೆ ಅಂತ ಗುಂಡಿನ ಕಂಪನಿ ಬದಲಿಸಿದ, ಬ್ಯಾರೆಲ್ ಉಜ್ಜಿದ, ಕೊನೆಗೆ ರೈಫಲ್ಲನ್ನೇ ಮಾರಲು ಹೊರಟಿದ್ದ. ಸ್ಕೋಪ್ ಹಿಡಿದು ಮೆಲ್ಲಗೆ ತಿರುವಿದೆ. ಕಟ್ ಅಂತ ಅಲುಗಿತು. ಅಂಗಡಿಯವರು ಬೇಸ್‌ನ ಸ್ಕ್ರೂ ಕೈಯಲ್ಲಿ ತಿರುವಿ ಕಳಿಸಿದ್ದರು. ಬಿಗಿತ ಅಳೆದು ತೋರಿಸುವ, ಇಂಚು-ಪೌಂಡ್ ಲೆಕ್ಕದ ಟಾರ್ಕ್ ಡ್ರೈವರ್ ಒಂದು ತಗೋ, ತಯಾರಕರು ಬರೆದಷ್ಟೇ ಬಿಗಿ ಮಾಡು. ರೈಫಲ್‌ನ ಸ್ಟಾಕ್ ಹಿಡಿದಿರುವ ಸ್ಕ್ರೂಗಳಿಗೂ ಅದೇ ಮಾತು.

ಸ್ಕೋಪ್ ಹೊಂದಿಸುವುದು ಹೀಗೆ. ಬೋಲ್ಟ್ ತೆಗೆದು ರೈಫಲ್ಲನ್ನು ಮರಳಿನ ಚೀಲದ ಮೇಲೆ ಅಲುಗದಂತೆ ಕೂರಿಸು. ಹಿಂದಿನಿಂದ ಬ್ಯಾರೆಲ್ ಒಳಗೇ ಕಣ್ಣಿಟ್ಟು 25 ಗಜದ ಟಾರ್ಗೆಟ್‌ನ ನಡುವಿನ ಚುಕ್ಕಿ ಕಾಣುವಂತೆ ಮಾಡು. ರೈಫಲ್ ಹಾಗೇ ಇರಲಿ, ಈಗ ಸ್ಕೋಪ್ ಗೆರೆಯನ್ನು ಅದೇ ಚುಕ್ಕಿಗೆ ತಿರುಗಿಸು. ಆಮೇಲೆ ಬೋಲ್ಟ್ ಹಾಕಿ 25 ಗಜದಲ್ಲಿ ಹೊಡೆದು ತಿದ್ದು, ನಂತರ 100ಕ್ಕೆ ಹೋಗು. ಸ್ಕೋಪ್‌ನ ತಿರುಗಣೆಯ ಒಂದು ಕ್ಲಿಕ್ ಅಂದರೆ 100 ಗಜದಲ್ಲಿ ಕಾಲು ಇಂಚು. ಮೂರು ಇಂಚು ಕೆಳಗೆ ಬಿದ್ದಿದ್ದರೆ 12 ಕ್ಲಿಕ್ ಮೇಲೆ. 25 ಗಜದಲ್ಲಿ ಒಂದು ಕ್ಲಿಕ್ ಸರಿಸುವುದು ಅದರ ಕಾಲು ಭಾಗ ಅಷ್ಟೇ, ಹಾಗಾಗಿ ಅದೇ ಮೂರು ಇಂಚಿಗೆ 48 ಬೇಕು, ಇಲ್ಲೇ ಹೊಸಬರು ಗೊಂದಲ ಮಾಡಿಕೊಳ್ಳುತ್ತಾರೆ. 100 ಗಜದಲ್ಲಿ ಒಂದೂವರೆಯಿಂದ ಎರಡು ಇಂಚು ಮೇಲೆ ಬೀಳುವಂತೆ ಬಿಟ್ಟರೆ 200 ಗಜದ ಹತ್ತಿರ ಗುರಿಗೇ ಬರುತ್ತೆ. ಮಧ್ಯದಲ್ಲಿ ಬ್ಯಾರೆಲ್ ಮುಟ್ಟಿ ನೋಡು, ಬಿಸಿ ಇದ್ದರೆ ಕಾಯಿ.

ಗುಂಡು ಎರಡು ಮೂರು ಬಗೆ ತಂದು ಹೊಡೆದು ನೋಡು. ಒಂದೊಂದು ರೈಫಲ್‌ಗೆ ಒಂದೊಂದು ಹಿಡಿಸುತ್ತೆ, ಯಾಕೆ ಅಂತ ಹೊಡೆಯುವ ಮುಂಚೆ ಯಾರೂ ಹೇಳಲಾರರು. ಬೇಟೆಗೆ ಮೂತಿ ಅರಳುವ ಗುಂಡೇ ಬೇಕು. ಪೂರ್ತಿ ತಾಮ್ರದ ಕವಚದ ಅಗ್ಗದ ಗುಂಡು ಆರಪಾರ ಹೋಗಿ ಪ್ರಾಣಿಯನ್ನು ನರಳಿಸುತ್ತೆ.

ಆಮೇಲೆ ಬೆಂಚ್ ಬಿಟ್ಟು ಏಳು. ಮೊಣಕಾಲೂರಿ, ಕೂತು, ಕೋಲಿಗೆ ಆನಿಸಿ ಹೊಡೆ. ಬೆಂಚಿನಲ್ಲಿ ಒಂದು ಇಂಚು ಹೊಡೆದವನು ಹೀಗೆ ಹೊಡೆದಾಗ ಆರು ಇಂಚಿಗೆ ಹೋಗುತ್ತಾನೆ. ಆಗ ರೈಫಲ್ ಸರಿ ಇಲ್ಲ ಅನ್ನುವುದು ನೆಲ ಡೊಂಕು ಅಂದಂತೆಯೇ. ಸ್ಕೋಪ್‌ನಲ್ಲಿ ಉಳಿಸಿದ ದುಡ್ಡನ್ನೆಲ್ಲಾ ಈ ಅಭ್ಯಾಸದ ಗುಂಡಿಗೆ ಹಾಕು. ಕೂತು ಹೊಡೆದಾಗ ಆ 8 ಇಂಚಿನ ದೋಸೆಯೊಳಗೆ ಸತತವಾಗಿ ಬೀಳುವ ದೂರ ಎಷ್ಟೋ ಅಷ್ಟೇ ನಿನ್ನ ಬೇಟೆಯ ದೂರ. 120 ಗಜ ಅಂದರೆ 120.

ಮಾಂಸ ತಿನ್ನದ ಮನೆಯಿಂದ ಬಂದವನು ನೀನು. ಬೇಟೆ ಮನಸ್ಸಿಗೆ ಬರದಿದ್ದರೆ ಟಾರ್ಗೆಟ್‌ಗಷ್ಟೇ ಹೊಡೆದು ಬಾ, ಯಾರೂ ಬೇಜಾರು ಮಾಡಿಕೊಳ್ಳಲ್ಲ. ಲೈಸೆನ್ಸ್ ಮಾತ್ರ ಆಗಲೂ ಬೇಕು. ಮೊದಲ ಸಲ ಅವರ ಜೊತೆ ಸುಮ್ನೆ ಮರೆಯಲ್ಲಿ ಕೂತು ಬೈನಾಕ್ಯುಲರ್‌ನಲ್ಲಿ ನೋಡು ಅಂತಲೇ ನಾನು ಹೇಳುವುದು. ಕೊಳ್ಳುವ ಮಾತು ಆಮೇಲೆ. ರೂಮ್‌ಮೇಟ್ ಇದ್ದರೆ ಬೀಗದ ಪೆಟ್ಟಿಗೆಯೂ ಲೆಕ್ಕಕ್ಕೆ ಸೇರಿಸು, ಕೀಲಿ ನಿನ್ನೊಬ್ಬನ ಹತ್ತಿರವೇ ಇರಬೇಕು. ಅವನೂ ನಿನ್ನಂತೆ ವೀಸಾದವನಾಗಿದ್ದು ಲೈಸೆನ್ಸ್ ಇಲ್ಲದಿದ್ದರೆ ಅವನ ವೀಸಾಕ್ಕೂ ತೊಂದರೆ.

ರೇಂಜಿಗೆ ಒಂದು ಬೇರೆ ಚೀಲವೇ ಇರಲಿ. ಆ ಚೀಲವನ್ನು ಊರಿಗೆ ಬರುವಾಗ ತರಲೇಬೇಡ. ಮೂಲೆಯಲ್ಲಿ ಮರೆತ ಒಂದೇ ಒಂದು ಗುಂಡು ಬೆಂಗಳೂರು ಏರ್‌ಪೋರ್ಟ್‌ನ ಸ್ಕ್ಯಾನರ್‌ನಲ್ಲಿ ಕಂಡರೆ ಆರ್ಮ್ಸ್ ಕಾಯ್ದೆಯಲ್ಲಿ ಕೇಸು ಬೀಳುತ್ತೆ, ಮತ್ತೆ ವೀಸಾ ಸ್ಟಾಂಪಿಂಗ್‌ಗೆ ಹೋದಾಗ ಅದನ್ನೂ ಕೇಳುತ್ತಾರೆ. ಸ್ಕೋಪ್ ತಂದುಕೊಡು ಅಂತ ಇಲ್ಲಿ ಯಾರಾದರೂ ಕೇಳಿದರೂ ಆಗಲ್ಲ ಅನ್ನು. ಅಮೆರಿಕದಿಂದ ಹೊರಗೆ ಒಯ್ಯಲು ಅದಕ್ಕೂ ಕಟ್ಟುಪಾಡು ಇದೆ. ನಾನು ಮುಂದಿನ ತಿಂಗಳು ವಾಪಸ್ ಬರುತ್ತೇನೆ. ಅಷ್ಟರಲ್ಲಿ ಕೋರ್ಸ್ ಮುಗಿಸಿ ಲೈಸೆನ್ಸ್ ತಗೊಂಡಿರು, ರೇಂಜಿಗೆ ಒಟ್ಟಿಗೆ ಹೋಗೋಣ. ನಿಮ್ಮಮ್ಮ ಕೊಟ್ಟ ಚಟ್ನಿಪುಡಿ ನನ್ನ ಹತ್ತಿರ ಇದೆ.